ಹುಲ್ಲಿನ ತುದಿಯ ಚಳಿ ಅಳೆಯುವ ಕೋಲು: ಬೆಳಗ್ಗೆ ಕಟ್ಟಿದ್ದು, ಮುಸ್ಸಂಜೆ ಪರೀಕ್ಷಿಸಿದ್ದು

ಥರ್ಮಾಮೀಟರ್ ಸೊನ್ನೆಗಿಂತ ಎರಡು ಡಿಗ್ರಿ ಮೇಲಿರುತ್ತದೆ, ಕಾಲಡಿಯ ಹುಲ್ಲು ಆಗಲೇ ಬೆಳ್ಳಗಾಗಿರುತ್ತದೆ. ಥರ್ಮಾಮೀಟರ್ ಕೆಟ್ಟಿದೆ ಅಂದುಕೊಳ್ಳುವವರೇ ಹೆಚ್ಚು. ಕೆಟ್ಟಿರುವುದಿಲ್ಲ, ಅದು ಹೇಳುವುದು ಎದೆಮಟ್ಟದ ಗಾಳಿಯ ತಾಪವನ್ನು, ಫ್ರಾಸ್ಟ್ ಕೂರುವುದು ಹುಲ್ಲಿನ ತುದಿಯಲ್ಲಿ. ಮೋಡವಿಲ್ಲದೆ, ಗಾಳಿಯಾಡದೆ ಇರುವ ರಾತ್ರಿ ಇವೆರಡರ ನಡುವೆ 3ರಿಂದ 5 ಡಿಗ್ರಿ ಅಂತರ ಮಾಮೂಲು. ಆ ಅಂತರವನ್ನು ನಡೆಯುತ್ತಾ ಅಳೆದು, ಹತ್ತು ಸೆಕೆಂಡಿಗೊಮ್ಮೆ ಬರೆದಿಟ್ಟುಕೊಳ್ಳುವ ಕೋಲೊಂದನ್ನು ಚಳಿಗಾಲದ ಒಂದೇ ದಿನದಲ್ಲಿ ಕಟ್ಟಿ, ಸಂಜೆಗೆ ಹೊರಗೆ ಒಯ್ದ ಕೆಲಸದ ವಿವರ ಇಲ್ಲಿದೆ.

ಇಲ್ಲಿ ಫ್ರಾಸ್ಟ್ ಅಂದರೆ ಗಾಳಿಯ ನೀರಾವಿ ದ್ರವವಾಗದೆ ನೇರವಾಗಿ ಹರಳಾಗಿ ಕೂತ ಬಿಳಿ ಹಿಮ. ಇಬ್ಬನಿ ಮೊದಲು ಬಿದ್ದು ಆಮೇಲೆ ಹೆಪ್ಪುಗಟ್ಟಿದ್ದು ಬೇರೆ. ಅದು ಗಾಜಿನ ಮಣಿಯ ಹಾಗೆ ಪಾರದರ್ಶಕವಾಗಿರುತ್ತದೆ. ಎರಡನ್ನೂ ಪ್ರತ್ಯೇಕವಾಗಿ ಗುರುತಿಸುವುದಕ್ಕೆ ತಾಪದ ಜೊತೆ ತೇವಾಂಶವನ್ನೂ ಅಳೆಯಬೇಕು.

ಬೇಕಾದ ಸಾಮಾನು: ಡಿಎಸ್18ಬಿ20 ತಾಪ ಸೆನ್ಸರ್ ಮೂರು. ಸ್ಟೀಲ್ ಕೊಳವೆಯೊಳಗೆ ಕೂರಿಸಿದ್ದು ಬೇಡ, ಮೂರು ಕಾಲಿನ ಬಿಡಿ ಕಪ್ಪು ಬಿಲ್ಲೆಯದೇ ಬೇಕು, ಕಾರಣ ಮುಂದಿದೆ. ತೇವಾಂಶಕ್ಕೆ ಎಸ್‌ಎಚ್‌ಟಿ31 ಒಂದು. ಅರ್ಡುಯಿನೊ ಪ್ರೊ ಮಿನಿ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಒಂದು, 3.3 ವೋಲ್ಟ್, 8 ಮೆಗಾಹರ್ಟ್ಸ್‌ನದು. 24ಎಲ್‌ಸಿ256 ನೆನಪಿನ ಚಿಪ್. 128×64 ಚುಕ್ಕೆಗಳ, ತಾನೇ ಬೆಳಗುವ ಚಿಕ್ಕ ಓಎಲ್‌ಇಡಿ ಪರದೆ. 4.7 ಕಿಲೋ ಓಮ್ ರೆಸಿಸ್ಟರ್ ಒಂದು, 100 ಕಿಲೋ ಓಮ್‌ನವು ಎರಡು, 100 ನ್ಯಾನೋಫ್ಯಾರಡ್ ಕೆಪಾಸಿಟರ್ ನಾಲ್ಕು. ಎಎ ಅಳತೆಯ 1.5 ವೋಲ್ಟ್ ಲಿಥಿಯಂ ಸೆಲ್ ಮೂರು. ಸಿಲಿಕೋನ್ ಹೊದಿಕೆಯ ತೆಳು ತಂತಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ), ಎಪಾಕ್ಸಿ ಅಂಟು, 110 ಮಿಮೀ ಅಗಲದ ಬಿಳಿ ಪ್ಲಾಸ್ಟಿಕ್ ತಟ್ಟೆ ಆರು, 4 ಮಿಮೀ ದಪ್ಪದ, ಉದ್ದಕ್ಕೂ ಸ್ಕ್ರೂವಿನ ಮರೆ ಇರುವ ಸರಳು 120 ಮಿಮೀಯದು ಮೂರು, 20 ಮಿಮೀ ಪಿವಿಸಿ ಪೈಪ್ 1.7 ಮೀಟರ್.

ಸೆಲ್ ವಿಷಯದಲ್ಲಿ ಹಟ ಹಿಡಿಯಲೇಬೇಕು. ಆಲ್ಕಲೈನ್ ಸೆಲ್‌ನ ಒಳಗಿರುವುದು ನೀರಿನ ದ್ರಾವಣ. ಚಳಿಗೆ ಅದರ ಒಳತಡೆ ಏರಿ, ಮನೆಯೊಳಗೆ ಸರಿಯಾಗಿದ್ದ ಉಪಕರಣ ಹೊರಗೆ ಅರ್ಧ ಗಂಟೆಗೇ ಸುಸ್ತಾಗುತ್ತದೆ. ಒಮ್ಮೆ ಬಳಸಿ ಬಿಸಾಡುವ 1.5 ವೋಲ್ಟ್ ಲಿಥಿಯಂ ಸೆಲ್ ಮೈನಸ್ 40 ಡಿಗ್ರಿವರೆಗೂ ಕೆಲಸ ಮಾಡುತ್ತದೆ. ಚಾರ್ಜ್ ಮಾಡುವ ಲಿಥಿಯಂ ಅಯಾನ್ ಹಾಕುವುದಾದರೆ, ಅದನ್ನು ಸೊನ್ನೆಗಿಂತ ಕೆಳಗಿನ ತಾಪದಲ್ಲಿ ಯಾವ ಕಾರಣಕ್ಕೂ ಚಾರ್ಜಿಗೆ ಹಾಕಬಾರದು. ಒಳಗೆ ಲಿಥಿಯಂ ಲೋಹದ ಪದರ ಕೂತು ಸೆಲ್ ಹಾಳಾಗುತ್ತದೆ, ಅಪಾಯವೂ ಹೌದು.

ಬೆಳಗ್ಗೆ 6.30: ಮೊದಲು ಉಪ್ಪಿನ ಡಬ್ಬಿ

ದಿನದ ಕ್ರಮ ನಿರ್ಧಾರವಾಗುವುದು ಅವಸರ ಮಾಡಲಾಗದ ಕೆಲಸಗಳಿಂದ. ಅವುಗಳಲ್ಲಿ ಎಲ್ಲಕ್ಕಿಂತ ನಿಧಾನದ್ದು ತೇವಾಂಶ ಸೆನ್ಸರಿನ ತಪಾಸಣೆ, ಆದ್ದರಿಂದ ಅದೇ ಮೊದಲು. ಬಿಗಿ ಮುಚ್ಚಳದ ಚಿಕ್ಕ ಡಬ್ಬಿ, ಅದರೊಳಗೆ ಒಂದು ಬಾಟಲಿ ಬಿರಡೆ, ಬಿರಡೆಯಲ್ಲಿ ಅಡುಗೆ ಉಪ್ಪು. ಉಪ್ಪಿಗೆ ನೀರು ಹನಿಹನಿಯಾಗಿ ಹಾಕಿ ಒದ್ದೆ ಮರಳಿನ ಹದಕ್ಕೆ ತರಬೇಕು. ಉಪ್ಪೆಲ್ಲ ಕರಗಿ ನೀರಾದರೆ ಪರೀಕ್ಷೆ ಕೆಟ್ಟಂತೆ. ಕರಗದ ಉಪ್ಪು ಕಣ್ಣಿಗೆ ಕಾಣುತ್ತಿರಬೇಕು. ಈ ಹದದಲ್ಲಿ ಡಬ್ಬಿಯೊಳಗಿನ ತೇವಾಂಶ 20 ಡಿಗ್ರಿಯಲ್ಲಿ ಶೇ. 75.5ಕ್ಕೆ ಬಂದು ನಿಲ್ಲುತ್ತದೆ. ಕೋಣೆಯ ತಾಪ ಐದಾರು ಡಿಗ್ರಿ ಆಚೀಚೆ ಇದ್ದರೂ ಈ ಅಂಕಿ ಅಷ್ಟಾಗಿ ಬದಲಾಗದು. ಆದರೆ ತಾಪ ಸ್ಥಿರವಾಗಿರಬೇಕು, ಕಿಟಕಿಯ ಬಿಸಿಲು ಬೀಳುವ ಜಾಗ ಬೇಡ.

ಎಸ್‌ಎಚ್‌ಟಿ31ರ ನಾಲ್ಕು ತಂತಿ ಮುಚ್ಚಳದ ತೂತಿನಿಂದ ಹೊರಬಂದು, ಪರೀಕ್ಷೆಗೆಂದು ಇಟ್ಟ ಇನ್ನೊಂದು ಬೋರ್ಡಿಗೆ ಸೇರಿವೆ. ತೂತನ್ನು ಮೇಣದಿಂದ ಮುಚ್ಚಿದರೆ ಸಾಕು. ವಿನೆಗರ್ ವಾಸನೆ ಬರುವ ಸಿಲಿಕೋನ್ ಅಂಟನ್ನು ಈ ಸೆನ್ಸರಿನ ಹತ್ತಿರ ತರಲೇಬಾರದು. ಅದರ ಆವಿ ಸೆನ್ಸರಿನ ಪದರದೊಳಗೆ ಇಳಿದು ಓದಿಕೆಯನ್ನು ಸರಿಸಿಬಿಡುತ್ತದೆ. ಬೆಸುಗೆಯ ಫ್ಲಕ್ಸ್ ತೊಳೆಯುವ ಸ್ಪಿರಿಟ್ಟಿಗೂ ಇದೇ ಮಾತು. ಸೆನ್ಸರಿನ ಮೇಲಿರುವ ಕಿರು ಕಿಂಡಿಯನ್ನು ಬೆಸುಗೆ ಹಾಕುವಷ್ಟು ಹೊತ್ತೂ ಶಾಖ ತಡೆಯುವ ಟೇಪಿನಿಂದ ಮುಚ್ಚಿಟ್ಟು, ಆಮೇಲೆ ತೆಗೆಯುವುದು ಒಳ್ಳೆಯದು. ಡಬ್ಬಿ ಮುಚ್ಚಿದ ಮೇಲೆ ಎಂಟು ಗಂಟೆ ಅದರ ತಂಟೆಗೆ ಹೋಗುವಂತಿಲ್ಲ.

7.15: ಸೆನ್ಸರಿಗೆ ತಂತಿ, ತಂತಿಗೆ ಬಣ್ಣ

ಡಿಎಸ್18ಬಿ20ಯ ಚಪ್ಪಟೆ ಮುಖ ನಮ್ಮ ಕಡೆಗಿದ್ದಾಗ ಎಡಗಾಲು ಗ್ರೌಂಡ್, ನಡುವಿನದು ಡೇಟಾ, ಬಲಗಾಲು ವಿದ್ಯುತ್ತು. ತಿರುಗುಮುರುಗಾದರೆ ಬಿಲ್ಲೆ ಕೆಲವೇ ಸೆಕೆಂಡಿನಲ್ಲಿ ಬೆರಳು ಸುಡುವಷ್ಟು ಬಿಸಿಯಾಗುತ್ತದೆ. ಹಾಗೆ ಬಿಸಿಯಾದದ್ದನ್ನು ಮತ್ತೆ ಬಳಸಬೇಡಿ. ಓದಿಕೆ ಬರುತ್ತಿದ್ದರೂ ಅದನ್ನು ನಂಬುವ ಹಾಗಿಲ್ಲ.

ದಪ್ಪ ತಂತಿ ಬೇಡ. ತಾಮ್ರ ಶಾಖವನ್ನು ಚೆನ್ನಾಗಿ ಒಯ್ಯುತ್ತದೆ. ಬೆರಳಿನಷ್ಟೂ ದಪ್ಪವಿಲ್ಲದ ಬಿಲ್ಲೆಗೆ ದಪ್ಪ ತಂತಿ ಕಟ್ಟಿದರೆ ಹುಲ್ಲಿನ ತಾಪದ ಬದಲು ತಂತಿಯ ತಾಪವೇ ಬರುತ್ತದೆ. ಪಿವಿಸಿ ಹೊದಿಕೆಯ ತಂತಿಯೂ ಬೇಡ, ಚಳಿಗೆ ಸೆಟೆದು ನಿಲ್ಲುತ್ತದೆ. ಇಕ್ಕಳದ ತುದಿಯನ್ನು ಬಿಲ್ಲೆಗೂ ಬೆಸುಗೆಗೂ ನಡುವೆ ಕಚ್ಚಿಸಿ, ಕಾಲಿಗೆ ಮೂರು ಸೆಕೆಂಡ್ ಮೀರದಂತೆ, 340 ಡಿಗ್ರಿಯಲ್ಲಿ ಬೆಸುಗೆ. ಚಳಿಯ ಕೋಣೆಯಲ್ಲಿ ಬೆಸುಗೆ ಮಸುಕಾಗಿ, ಮರಳು ಮರಳಾಗಿ ಕಂಡರೆ ಕೆಲಸದ ಹಲಗೆಯೇ ತಣ್ಣಗಿದೆ ಅಂತ ಅರ್ಥ. ಹಲಗೆಯ ಮೇಲೆ ಒಂದು ಮರದ ತುಂಡು ಇಟ್ಟುಕೊಂಡು ಅದರ ಮೇಲೆ ಮಾಡಿ.

ಪ್ರತಿ ಕಾಲಿಗೂ ಪ್ರತ್ಯೇಕ ಹೀಟ್ ಶ್ರಿಂಕ್, ಅದರ ಮೇಲೆ ಮೂರಕ್ಕೂ ಸೇರಿ ಅಂಟಿರುವ ಹೀಟ್ ಶ್ರಿಂಕ್. ಬಿಸಿ ಮಾಡಿದಾಗ ಅಂಚಿನಿಂದ ಅಂಟು ಸುತ್ತಲೂ ಉಂಗುರದ ಹಾಗೆ ಹೊರಗೆ ಒಸರಬೇಕು. ಎಲ್ಲಿ ಒಸರಲಿಲ್ಲವೋ ಅಲ್ಲಿ ನೀರು ಹೊಕ್ಕುತ್ತದೆ. ಮೊದಲ ದಿನ ಎಲ್ಲವೂ ಸರಿ ಇದ್ದು ಎರಡನೆಯ ದಿನ ಸೆನ್ಸರ್ ಕಾಣೆಯಾಗುವ ತೊಂದರೆಗೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಕಾಲುಗಳ ನಡುವೆ ಹೊಕ್ಕ ಈ ತೇವವೇ. ಕೊನೆಗೆ ಇಡೀ ಬಿಲ್ಲೆಗೆ ಎಪಾಕ್ಸಿಯ ತೆಳು ಲೇಪ. 10 ಡಿಗ್ರಿಯ ಕೋಣೆಯಲ್ಲಿ ಐದು ನಿಮಿಷದ ಎಪಾಕ್ಸಿ ಐದು ನಿಮಿಷಕ್ಕೆ ಗಟ್ಟಿಯಾಗುವುದಿಲ್ಲ. ಟ್ಯೂಬುಗಳನ್ನು ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಕಲಸಿ, ಲೇಪಿಸಿದ್ದನ್ನು ಬೆಚ್ಚಗಿರುವ ಕಡೆ ತೂಗುಹಾಕಬೇಕು.

ಒಂದೊಂದನ್ನೇ ಬೋರ್ಡಿಗೆ ಜೋಡಿಸಿ ಅದರ 64 ಬಿಟ್ಟಿನ ವಿಳಾಸ ಓದಿ, ಬಣ್ಣದ ಹೀಟ್ ಶ್ರಿಂಕ್ ತುಂಡಿನಿಂದ ಗುರುತು ಮಾಡಿದ್ದು: ಮೇಲಿನ ಗಾಳಿಗೆ ಕೆಂಪು, ನೆಲದಿಂದ 5 ಸೆಂಮೀ ಎತ್ತರಕ್ಕೆ ಹಳದಿ, ಹುಲ್ಲಿನ ತುದಿಗೆ ನೀಲಿ. ಕೋಡಿನಲ್ಲಿ ಸೆನ್ಸರನ್ನು ವಿಳಾಸದಿಂದಲೇ ಕರೆಯಬೇಕು. ಒಂದನೆಯದು, ಎರಡನೆಯದು ಎಂದು ಕರೆದರೆ, ಒಂದು ತಂತಿ ಕಿತ್ತುಬಂದ ಕ್ಷಣ ಉಳಿದವುಗಳ ಸಂಖ್ಯೆ ಬದಲಾಗಿ, ಹುಲ್ಲಿನ ಅಂಕಿ ಗಾಳಿಯ ಹೆಸರಿನಲ್ಲಿ ದಾಖಲಾಗುತ್ತದೆ. ಮನೆಗೆ ಬಂದ ಮೇಲೆ ಅದನ್ನು ಕಂಡುಹಿಡಿಯುವ ದಾರಿಯೇ ಇಲ್ಲ.

9.30: ಮಂಜುಗಡ್ಡೆಯ ಫ್ಲಾಸ್ಕ್

ಡಿಎಸ್18ಬಿ20ಯ ತಯಾರಕರು ಮಾತು ಕೊಡುವುದು ಮೈನಸ್ 10ರಿಂದ 85 ಡಿಗ್ರಿವರೆಗೆ ಅರ್ಧ ಡಿಗ್ರಿ ಹೆಚ್ಚು ಕಡಿಮೆ ಎಂದು. ಫ್ರಾಸ್ಟ್ ಕೂರುತ್ತದೋ ಇಲ್ಲವೋ ಎನ್ನುವುದು ಎಷ್ಟೋ ಸಲ ಈ ಅರ್ಧ ಡಿಗ್ರಿಯೊಳಗೇ ತೀರ್ಮಾನವಾಗುತ್ತದೆ. ಬಿಲ್ಲೆಯ ಹೆಜ್ಜೆ 0.0625 ಡಿಗ್ರಿ, ಹೆಜ್ಜೆ ಸಣ್ಣದೆಂದ ಮಾತ್ರಕ್ಕೆ ಅಂಕಿ ನಿಜವಾಗುವುದಿಲ್ಲ. ಆದ್ದರಿಂದ ಸೊನ್ನೆಯನ್ನು ನಾವೇ ಕಟ್ಟಿ ತೋರಿಸಬೇಕು.

ಹೆಚ್ಚಿನವರು ಎಡವುವುದು ಇಲ್ಲಿ. ಒಂದು ಲೋಟ ನೀರಿಗೆ ನಾಲ್ಕು ಮಂಜುಗಡ್ಡೆ ತುಂಡು ಹಾಕಿದರೆ ಅದು ಸೊನ್ನೆ ಡಿಗ್ರಿಯಲ್ಲ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಆ ನೀರು ತಳಕ್ಕೆ ಇಳಿಯುತ್ತದೆ, ಮಂಜುಗಡ್ಡೆ ಮೇಲೆ ತೇಲುತ್ತದೆ, ತಳದಲ್ಲಿಟ್ಟ ಸೆನ್ಸರ್ ಎರಡು ಮೂರು ಡಿಗ್ರಿ ತೋರಿಸುತ್ತದೆ. ಅದನ್ನೇ ಸೊನ್ನೆ ಎಂದು ತಿದ್ದಿದರೆ ಉಪಕರಣ ಮಾಡಿದ್ದೇ ದಂಡ.

ಸರಿಯಾದ ಕ್ರಮ ಹೀಗೆ. ಡಿಸ್ಟಿಲ್ಡ್ ನೀರಿನ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಅಕ್ಕಿಕಾಳಿನಷ್ಟು ಸಣ್ಣಗೆ ಜಜ್ಜಿ, ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಕುತ್ತಿಗೆವರೆಗೂ ತುಂಬಬೇಕು. ಅದೇ ನೀರನ್ನು ಮೊದಲೇ ತಣ್ಣಗೆ ಮಾಡಿಟ್ಟುಕೊಂಡು, ಕಾಳುಗಳ ನಡುವಿನ ಸಂದು ತುಂಬುವಷ್ಟೇ ಸುರಿಯಬೇಕು. ಕಾಳು ತೇಲಲು ಶುರುಮಾಡಿದರೆ ನೀರು ಜಾಸ್ತಿಯಾಯಿತು, ಬಗ್ಗಿಸಿ ಚೆಲ್ಲಿ. ತಳ ಮುಟ್ಟುವವರೆಗೂ ಮಂಜುಗಡ್ಡೆಯೇ ಇರಬೇಕು. ಹೊಸದಾಗಿ ಫ್ರೀಜರಿನಿಂದ ತೆಗೆದ ಕಾಳು ಬೂದಿ ಬೆಳ್ಳಗೆ ಒಣಗಿ ಕಾಣುತ್ತದೆ, ಅಂದರೆ ಅದಿನ್ನೂ ಸೊನ್ನೆಗಿಂತ ಕೆಳಗಿದೆ. ಹತ್ತು ನಿಮಿಷ ಬಿಟ್ಟರೆ ಮೇಲ್ಮೈ ಒದ್ದೆಯಾಗಿ ಹೊಳೆಯುತ್ತದೆ, ಹರಳು ಪಾರದರ್ಶಕವಾಗುತ್ತದೆ. ಆ ಹೊಳಪು ಬಂದ ಮೇಲೆಯೇ ಸೆನ್ಸರ್ ಇಳಿಸುವುದು. ಮೂರನ್ನೂ ರಬ್ಬರ್ ಬ್ಯಾಂಡಿನಿಂದ ಒಂದಕ್ಕೊಂದು ಅಂಟುವಂತೆ ಕಟ್ಟಿ, ತಂತಿಯೂ ಸೇರಿ 10 ಸೆಂಮೀ ಒಳಗೆ ಮುಳುಗಿಸಿ, ಹದಿನೈದು ನಿಮಿಷ ಕಾದು, ಐದು ನಿಮಿಷಕ್ಕೊಮ್ಮೆ ಕಡ್ಡಿಯಿಂದ ಅಲುಗಿಸುತ್ತಿರಬೇಕು.

60 ಓದಿಕೆಗಳ ಸರಾಸರಿಯಲ್ಲಿ ಕೆಂಪು 0.19, ಹಳದಿ ಮೈನಸ್ 0.06, ನೀಲಿ 0.31. ಇವನ್ನೇ ಕಳೆಯುವ ತಿದ್ದುಪಡಿಯಾಗಿ ಕೋಡಿನಲ್ಲಿ ಬರೆದದ್ದು. ಆಮೇಲೆ ಅದೇ ಕಟ್ಟನ್ನು 20 ಡಿಗ್ರಿ ಆಸುಪಾಸಿನ ನೀರಿಗೆ ಇಳಿಸಿ, ತಿದ್ದಿದ ಮೂರೂ ಅಂಕಿ ಒಂದಕ್ಕೊಂದು 0.1 ಡಿಗ್ರಿಯೊಳಗೆ ಹೊಂದುತ್ತವೆಯೇ ನೋಡಬೇಕು. ಹೊಂದದಿದ್ದರೆ ಆ ಬಿಲ್ಲೆ ನಕಲಿ ಇರುವ ಸಾಧ್ಯತೆ ಹೆಚ್ಚು. ಡಿಎಸ್18ಬಿ20ಗಳಲ್ಲಿ ನಕಲಿಗಳಿಗೆ ಬರವಿಲ್ಲ, ಒಂದೆರಡು ಹೆಚ್ಚಿಗೆ ಇಟ್ಟುಕೊಂಡಿರಬೇಕು.

11.00: ಬೋರ್ಡ್

3.3 ವೋಲ್ಟಿನ ಬೋರ್ಡೇ ಏಕೆ ಎಂದರೆ, ಅದರ ಚಿಪ್ 16 ಮೆಗಾಹರ್ಟ್ಸ್ ವೇಗದಲ್ಲಿ ಅಷ್ಟು ಕಡಿಮೆ ವೋಲ್ಟೇಜಿಗೆ ಭರವಸೆಯಿಂದ ಓಡುವುದಿಲ್ಲ, 8ರಲ್ಲಿ ಓಡುತ್ತದೆ. ಸೆಲ್‌ಗಳ ಧನ ತುದಿ ರಾ ಎಂದು ಬರೆದ ಕಾಲಿಗೆ. ಹೊಸ ಲಿಥಿಯಂ ಸೆಲ್ ಮೂರು ಸೇರಿದರೆ ಹೊರೆಯಿಲ್ಲದಾಗ 5.4 ವೋಲ್ಟ್ ಹತ್ತಿರ ಇರುತ್ತದೆ, ಬೋರ್ಡಿನ ರೆಗ್ಯುಲೇಟರ್ ಅದನ್ನು ಆರಾಮಾಗಿ ತಾಳುತ್ತದೆ. 100 ಕಿಲೋ ಓಮ್‌ನ ಎರಡು ರೆಸಿಸ್ಟರಿನಿಂದ ಅದನ್ನು ಅರ್ಧ ಮಾಡಿ ಅನಲಾಗ್ ಸೊನ್ನೆಯ ಕಾಲಿಗೆ ಕೊಟ್ಟರೆ ಸೆಲ್ ಎಷ್ಟು ಉಳಿದಿದೆ ಎಂಬ ಲೆಕ್ಕವೂ ಸಿಗುತ್ತದೆ.

ಮೂರು ಡಿಎಸ್18ಬಿ20ಗಳ ಡೇಟಾ ತಂತಿ ಒಂದೇ ಕಾಲಿಗೆ, ಅಲ್ಲಿಂದ 3.3 ವೋಲ್ಟಿಗೆ 4.7 ಕಿಲೋ ಓಮ್. ಎಸ್‌ಎಚ್‌ಟಿ31, ನೆನಪಿನ ಚಿಪ್, ಪರದೆ ಮೂರೂ ಐ2ಸಿ ಎಂಬ, ಹಲವು ಚಿಪ್ ಹಂಚಿಕೊಳ್ಳುವ ತಂತಿಜೋಡಿಯ ಮೇಲೆ. ವಿಳಾಸಗಳು ಹೆಕ್ಸ್ (ಹದಿನಾರರ) ಲೆಕ್ಕದಲ್ಲಿ 44, 50, 3ಸಿ, ಡಿಕ್ಕಿ ಇಲ್ಲ.

ದ್ರವಸ್ಫಟಿಕದ ಮಾಮೂಲು ಪರದೆ ಹಾಕಲಿಲ್ಲ. ಸೊನ್ನೆ ಹತ್ತಿರವಾಗುತ್ತಿದ್ದಂತೆ ಅದರ ಅಕ್ಷರಗಳು ನಿಧಾನವಾಗಿ ಅಳಿಸಿ ನಿಧಾನವಾಗಿ ಮೂಡುತ್ತವೆ, ಹಳೆಯ ಅಂಕಿಯೂ ಹೊಸದೂ ಒಂದರ ಮೇಲೊಂದು ಕಾಣುತ್ತವೆ. ಓಎಲ್‌ಇಡಿಗೆ ಆ ತೊಂದರೆಯಿಲ್ಲ. ಹೊಳಪನ್ನು ಮಾತ್ರ ಅತಿ ಕಡಿಮೆಗೆ ಇಳಿಸಿ, ಮುಸ್ಸಂಜೆಗೆ ಒಗ್ಗಿದ ಕಣ್ಣಿಗೆ ಅದೇ ಬೇಕಾದಷ್ಟು.

12.15: ಕೋಡ್, ಮೈನಸ್ ಚಿಹ್ನೆ ನುಂಗುವ ತಪ್ಪು

ಬೋರ್ಡಿನ ಚಿಪ್ಪಿಗಿರುವ ಕೆಲಸದ ನೆನಪು 2,048 ಬೈಟ್. ಪರದೆಯ ಚಿತ್ರವನ್ನೆಲ್ಲ ನೆನಪಿನಲ್ಲಿ ಇಟ್ಟುಕೊಳ್ಳುವ ಲೈಬ್ರರಿ ಹಾಕಿದರೆ ಅದೊಂದೇ 1,024 ಬೈಟ್ ನುಂಗುತ್ತದೆ. ಉಳಿದದ್ದು ಸಾಲದೆ ಕೋಡ್ ಯಾವ ತಪ್ಪೂ ತೋರಿಸದೆ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬರೀ ಅಕ್ಷರ ಬರೆಯುವ ಯು8ಎಕ್ಸ್8 ವಿಧಾನಕ್ಕೆ ಆ ಜಾಗವೇ ಬೇಡ.

ಒಂದು ದಾಖಲೆಗೆ 16 ಬೈಟ್: ಸಮಯಕ್ಕೆ 4, ನಾಲ್ಕು ತಾಪಕ್ಕೆ 8, ತೇವಾಂಶಕ್ಕೆ 2, ಸೆಲ್ ವೋಲ್ಟೇಜಿಗೆ 2. ತಾಪವನ್ನು ನೂರರಿಂದ ಗುಣಿಸಿ ಪೂರ್ಣಾಂಕವಾಗಿ ಇಡುವುದು. 16ನ್ನೇ ಆರಿಸಲು ಕಾರಣವಿದೆ. ನೆನಪಿನ ಚಿಪ್ಪಿನ ಪುಟ 64 ಬೈಟಿನದು, ಬರೆಯುವಾಗ ಪುಟದ ಅಂಚು ದಾಟಿದರೆ ಮುಂದಿನ ಪುಟಕ್ಕೆ ಹೋಗದೆ ಅದೇ ಪುಟದ ಮೊದಲಿಗೆ ಸುತ್ತಿ ಹಳೆಯದನ್ನು ಅಳಿಸುತ್ತದೆ. 64ಕ್ಕೆ 16 ಸರಿಯಾಗಿ ನಾಲ್ಕು ಸಲ ಕೂರುವುದರಿಂದ ಅಂಚು ದಾಟುವ ಪ್ರಶ್ನೆಯೇ ಬಾರದು. ಅರ್ಡುಯಿನೊದ ಐ2ಸಿ ಲೈಬ್ರರಿ ಒಮ್ಮೆಗೆ 32 ಬೈಟ್ ಮಾತ್ರ ಒಯ್ಯುತ್ತದೆ, 16 ಜೊತೆಗೆ ವಿಳಾಸದ 2, ಅದರೊಳಗೂ ಹಿಡಿಯಿತು. ಪ್ರತಿ ಬರಹದ ನಂತರ 5 ಮಿಲಿಸೆಕೆಂಡ್ ಬಿಡುವು ಬೇಕು. ಒಟ್ಟು 2,048 ದಾಖಲೆ, ಹತ್ತು ಸೆಕೆಂಡಿಗೊಂದರಂತೆ ಐದೂವರೆ ಗಂಟೆಗೂ ಮೀರಿ ಸಾಕಾಗುತ್ತದೆ.

ಡಿಎಸ್18ಬಿ20ಗೆ ಅಳೆ ಎಂದು ಹೇಳಿ 750 ಮಿಲಿಸೆಕೆಂಡ್ ಕಾಯಬೇಕು. ಬೇಗ ಓದಿದರೆ 85.00 ಬರುತ್ತದೆ, ಅದು ಬಿಲ್ಲೆ ಎದ್ದಾಗ ಇರುವ ಅಂಕಿ. ತಂತಿ ಬಿಟ್ಟಿದ್ದರೆ ಮೈನಸ್ 127. ಇವೆರಡೂ ಕಂಡಾಗ ಆ ಓದಿಕೆಯನ್ನು ಬಿಡಬೇಕು, ಸರಾಸರಿಗೆ ಸೇರಿಸಬಾರದು.

ಈ ಉಪಕರಣದ ಮಟ್ಟಿಗೆ ಅತಿ ಕೆಟ್ಟ ತಪ್ಪು ಇನ್ನೊಂದಿದೆ. ಅರ್ಡುಯಿನೊದ ಸ್ಪ್ರಿಂಟ್‌ಎಫ್ ಎಂಬ, ಸಂಖ್ಯೆಯನ್ನು ಅಕ್ಷರವಾಗಿಸುವ ಆಜ್ಞೆ ದಶಮಾಂಶ ಸಂಖ್ಯೆ ಬರೆಯುವುದಿಲ್ಲ, ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ. ಹಾಗಾಗಿ ಎಲ್ಲರೂ ಮಾಡುವುದೇನು? ನೂರರಿಂದ ಭಾಗಿಸಿ ಪೂರ್ಣಾಂಕ ಬರೆದು, ಚುಕ್ಕೆ ಇಟ್ಟು, ಶೇಷದ ಚಿಹ್ನೆ ತೆಗೆದು ಬರೆಯುತ್ತಾರೆ. ಮೈನಸ್ 3.10ಕ್ಕೆ ಇದು ಸರಿ. ಮೈನಸ್ 0.50ಕ್ಕೆ? ಮೈನಸ್ 50ನ್ನು 100ರಿಂದ ಭಾಗಿಸಿದರೆ ಸೊನ್ನೆ, ಸೊನ್ನೆಗೆ ಚಿಹ್ನೆಯಿಲ್ಲ, ಪರದೆಯಲ್ಲಿ 0.50 ಎಂದೇ ಬರುತ್ತದೆ. ಅಂದರೆ ಸೊನ್ನೆಗೂ ಮೈನಸ್ ಒಂದಕ್ಕೂ ನಡುವೆ, ಸರಿಯಾಗಿ ಫ್ರಾಸ್ಟ್ ಶುರುವಾಗುವ ಜಾಗದಲ್ಲಿ, ಉಪಕರಣ ತಾಪ ಏರುತ್ತಿದೆ ಎಂದು ಹೇಳುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಎಷ್ಟು ಪರೀಕ್ಷಿಸಿದರೂ ಇದು ಸಿಕ್ಕಿಬೀಳುವುದಿಲ್ಲ. ಚಿಹ್ನೆಯನ್ನು ಮೊದಲೇ ಬೇರೆಯಾಗಿ ಬರೆದು, ಉಳಿದದ್ದನ್ನು ಧನಸಂಖ್ಯೆಯಾಗಿ ಬರೆಯಿರಿ. ಆಮೇಲೆ ಕೋಡಿಗೆ 0.50, 0.00, ಮೈನಸ್ 0.05, ಮೈನಸ್ 0.50, ಮೈನಸ್ 1.00 ಇವನ್ನು ಕೈಯಾರೆ ಕೊಟ್ಟು ಪರದೆ ನೋಡಬೇಕು. ಮೈನಸ್ 0.05 ಕೊಟ್ಟಾಗ 0.5 ಎಂದು ಬಂದರೆ ಚುಕ್ಕೆಯ ನಂತರದ ಸೊನ್ನೆಯೂ ಬಿದ್ದುಹೋಗಿದೆ. ಚಿಪ್ಪಿನಿಂದ ಹಿಂದಕ್ಕೆ ಓದುವಾಗಲೂ ಜಾಗ್ರತೆ: ಚಿಹ್ನೆಯಿಲ್ಲದ ಸಂಖ್ಯೆಯಾಗಿ ಓದಿದರೆ ಮೈನಸ್ 1.06 ಇದ್ದದ್ದು 654.30 ಆಗಿ ಬರುತ್ತದೆ. ಇದು ಕಣ್ಣಿಗೆ ಹೊಡೆಯುವುದರಿಂದ ಅಷ್ಟು ಅಪಾಯವಿಲ್ಲ.

ಫ್ರಾಸ್ಟ್ ಪಾಯಿಂಟ್ ಅಂದರೆ ಗಾಳಿಯ ಆವಿ ನೇರವಾಗಿ ಹರಳಾಗಿ ಕೂರಲು ಶುರುವಾಗುವ ತಾಪ. ಅದರ ಲೆಕ್ಕ ಎರಡು ಹೆಜ್ಜೆ. ಎಸ್‌ಎಚ್‌ಟಿ31 ಸೊನ್ನೆಗಿಂತ ಕೆಳಗೂ ತೇವಾಂಶವನ್ನು ದ್ರವ ನೀರಿನ ಲೆಕ್ಕದಲ್ಲೇ ಕೊಡುತ್ತದೆ. ಆದ್ದರಿಂದ ಮೊದಲು ನೀರಿನ ಸೂತ್ರ: ತುಂಬಿದ ಆವಿಯೊತ್ತಡ = 6.112 × ಎಕ್ಸ್‌ಪಿ(17.62 × ತಾಪ ÷ (243.12 + ತಾಪ)). ಇದನ್ನು ಶೇಕಡಾ ತೇವಾಂಶದಿಂದ ಗುಣಿಸಿ 100ರಿಂದ ಭಾಗಿಸಿದರೆ ಗಾಳಿಯಲ್ಲಿ ನಿಜಕ್ಕೂ ಇರುವ ಆವಿಯೊತ್ತಡ, ಹೆಕ್ಟೊಪಾಸ್ಕಲ್‌ನಲ್ಲಿ. ಅದನ್ನು 6.112ರಿಂದ ಭಾಗಿಸಿ ಸಹಜ ಲಾಗರಿದಂ ತೆಗೆದು ಲ ಎಂದಿಟ್ಟುಕೊಂಡರೆ, ಫ್ರಾಸ್ಟ್ ಪಾಯಿಂಟ್ = 272.62 × ಲ ÷ (22.46 − ಲ). ಇದು ಮಂಜುಗಡ್ಡೆಯ ಮೇಲಿನ ಸೂತ್ರ. ತಾಪ 1.0, ತೇವಾಂಶ ಶೇ. 85 ಕೊಟ್ಟಾಗ ಮೈನಸ್ 1.09 ಬರಬೇಕು. ಎರಡನೆಯ ಹೆಜ್ಜೆಗೂ ನೀರಿನ ಅಂಕಿಗಳನ್ನೇ ಬಳಸಿದರೆ ಸಿಗುವುದು ಡ್ಯೂ ಪಾಯಿಂಟ್, ಅಂದರೆ ಇಬ್ಬನಿ ಕಟ್ಟುವ ತಾಪ, ಮೈನಸ್ 1.24. ಇಲ್ಲಿ ವ್ಯತ್ಯಾಸ ಅಲ್ಪ. ಡ್ಯೂ ಪಾಯಿಂಟ್ ಮೈನಸ್ 10ಕ್ಕೆ ಇಳಿದಾಗ ಫ್ರಾಸ್ಟ್ ಪಾಯಿಂಟ್ ಮೈನಸ್ 8.9, ಒಂದು ಡಿಗ್ರಿಗೂ ಹೆಚ್ಚು.

2.00: ತಟ್ಟೆಗಳ ಕೊಡೆ, ಕೋಲು, ನೀಲಿ ಸೆನ್ಸರ್

ಬಿಸಿಲಿಗೆ ನೆರಳು ಬೇಕು ಎಲ್ಲರಿಗೂ ಗೊತ್ತು. ರಾತ್ರಿಯೂ ಕೊಡೆ ಬೇಕು, ಏಕೆಂದರೆ ತೆರೆದಿಟ್ಟ ಸೆನ್ಸರ್ ತನ್ನ ಶಾಖವನ್ನು ಆಕಾಶಕ್ಕೆ ಕಳೆದುಕೊಂಡು ಗಾಳಿಗಿಂತ ಕಡಿಮೆ ತೋರಿಸುತ್ತದೆ. ಆರು ತಟ್ಟೆಗಳನ್ನು ಬೋರಲು ಹಾಕಿ, ಮೇಲಿನೆರಡನ್ನು ಬಿಟ್ಟು ಉಳಿದ ನಾಲ್ಕರ ನಡುವೆ 50 ಮಿಮೀ ತೂತು ಕೊರೆದು, ಮೂರು ಸರಳಿನಲ್ಲಿ 12 ಮಿಮೀ ಅಂತರಕ್ಕೆ ಪೋಣಿಸಿದ್ದು. ಒಳಗೆ ಕೆಂಪು ಸೆನ್ಸರ್, ಜೊತೆಗೆ ಎಸ್‌ಎಚ್‌ಟಿ31. ಪ್ಲಾಸ್ಟಿಕ್ ತಟ್ಟೆಗೆ ಡ್ರಿಲ್ ಹಾಕುವಾಗ ಹಿಂದೆ ಮರದ ಹಲಗೆ ಒತ್ತಿ ಹಿಡಿಯದಿದ್ದರೆ ಚಳಿಗೆ ಬಿರುಸಾದ ಪ್ಲಾಸ್ಟಿಕ್ ಸೀಳುತ್ತದೆ. ಹಳದಿಗೆ ಎರಡು ಚಿಕ್ಕ ಮುಚ್ಚಳದ ಕೊಡೆ ಸಾಕು.

ಉಪ್ಪಿನ ಡಬ್ಬಿ ಎಂಟು ಗಂಟೆ ಮುಗಿಸಿದಾಗ 2.45. ಓದಿಕೆ ಶೇ. 77.1, ತಿದ್ದುಪಡಿ ಮೈನಸ್ 1.6. ತಯಾರಕರು ಹೇಳುವ ಶೇ. 2ರ ಮಿತಿಯೊಳಗಿದೆ.

ಪೈಪಿಗೆ ಏನನ್ನೂ ಗ್ಲೂ ಗನ್ನಿನಿಂದ ಅಂಟಿಸಬಾರದು. ನಯವಾದ ಪಿವಿಸಿಯಿಂದ ಅದು ಚಳಿಯಲ್ಲಿ ಟಕ್ಕೆಂದು ಎದ್ದುಬರುತ್ತದೆ. ಇನ್ಸುಲೇಷನ್ ಟೇಪಿನ ಅಂಟೂ ಸೊನ್ನೆಯ ಹತ್ತಿರ ಸತ್ತಂತೆಯೇ. ಕೊಡೆಯನ್ನು ಪೈಪ್ ಕ್ಲಾಂಪಿನಿಂದ 1.5 ಮೀಟರ್ ಎತ್ತರಕ್ಕೆ, ಡಬ್ಬಿಯನ್ನು ಸ್ಕ್ರೂ ಹಾಕಿ 1.1 ಮೀಟರಿಗೆ, ತಂತಿಯನ್ನು ದಾರದಿಂದ ಬಿಗಿದು ಕಟ್ಟಿದರೆ ಸಾಕು. ಕೋಲಿನ ಬುಡದಿಂದ 20 ಸೆಂಮೀ ಉದ್ದದ ತೆಳು ಬಿದಿರು ಕಡ್ಡಿ ಅಡ್ಡಕ್ಕೆ ಚಾಚಿರಬೇಕು, ಹಳದಿ ಮತ್ತು ನೀಲಿ ಅದರ ತುದಿಯಲ್ಲಿ. ಬುಡಕ್ಕೇ ಕಟ್ಟಿದರೆ ಕೋಲು ತುಳಿದ ಹುಲ್ಲಿನ ತಾಪ ಬರುತ್ತದೆ.

ನೀಲಿಯದೇ ಈ ಉಪಕರಣದ ಜೀವ. ಅದು ಹುಲ್ಲಿನ ಎಸಳಿನ ಹಾಗೆ ನಡೆದುಕೊಳ್ಳಬೇಕು: ತೆಳುವಾಗಿರಬೇಕು, ಹಗುರವಾಗಿರಬೇಕು, ಆಕಾಶಕ್ಕೆ ಶಾಖ ಬಿಟ್ಟುಕೊಡಬೇಕು. ಹೊಳೆಯುವ ಸ್ಟೀಲ್ ಕೊಳವೆಯ ಸೆನ್ಸರ್ ಇಲ್ಲಿ ಸೋಲುವುದು ಅದಕ್ಕೇ. ಹೊಳೆಯುವ ಲೋಹ ಶಾಖವನ್ನು ಅತಿ ಕಡಿಮೆ ಹೊರಸೂಸುತ್ತದೆ. ಹುಲ್ಲು ಹೆಚ್ಚುಕಡಿಮೆ ಪೂರ್ತಿಯಾಗಿ ಸೂಸುತ್ತದೆ. ಹುಲ್ಲು ತಣ್ಣಗಾದಷ್ಟು ಕೊಳವೆ ತಣ್ಣಗಾಗುವುದಿಲ್ಲ. ಬಿಲ್ಲೆಗೆ ಹೊಳಪಿಲ್ಲದ ಹಸಿರು ಬಣ್ಣದ ಒಂದೇ ಪದರ ಬಳಿದು, ತಂತಿಯ ಕೊನೆಯ 10 ಸೆಂಮೀ ಹುಲ್ಲಿನ ಮೇಲೇ ಮಲಗುವಂತೆ ಬಿಟ್ಟದ್ದು. ಬಣ್ಣ ಬಿಳಿಯಾಗಿದ್ದರೂ ರಾತ್ರಿ ವ್ಯತ್ಯಾಸವಾಗದು. ಕಣ್ಣಿಗೆ ಬಿಳಿಯಾದ ಬಣ್ಣ ಶಾಖದ ಕಿರಣಕ್ಕೆ ಕಪ್ಪಿನಷ್ಟೇ ಕಪ್ಪು. ಹಸಿರು ಬಳಿದದ್ದು ಸೂರ್ಯ ಮುಳುಗುವ ಮೊದಲಿನ ಒಂದು ಗಂಟೆಯ ಲೆಕ್ಕಕ್ಕಾಗಿ. ಹೋಲಿಸಿ ನೋಡಲು ಸ್ಟೀಲ್ ಕೊಳವೆಯ ಸೆನ್ಸರೊಂದನ್ನು ಬೇರೆ ಮೀಟರಿಗೆ ಹಾಕಿ ಪಕ್ಕದಲ್ಲಿಡಲು ತೆಗೆದುಕೊಂಡದ್ದಾಯಿತು.

ಮುಸ್ಸಂಜೆಯ ನಡಿಗೆ

ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಹೊರಡಬೇಕು. ಬಿಸಿಲಿನಿಂದ ಬರುವುದಕ್ಕಿಂತ ಆಕಾಶಕ್ಕೆ ಹೋಗುವ ಶಾಖ ಹೆಚ್ಚಾಗುವುದು ಸುಮಾರು ಆ ಹೊತ್ತಿಗೆ; ಸೂರ್ಯ ಕಣ್ಣೆದುರಿಗಿದ್ದರೂ ಹುಲ್ಲು ಆಗಲೇ ಇಳಿಮುಖ. ಉಪಕರಣವನ್ನು ಹೊರಡುವ ಇಪ್ಪತ್ತು ನಿಮಿಷ ಮೊದಲು ಹೊರಗಿಟ್ಟಿರಬೇಕು. ಒಳಗಿನ ಬಿಸಿ ಹೊತ್ತ ಪೈಪಿನ ಮೊದಲ ಓದಿಕೆಗಳು ಕೆಲಸಕ್ಕೆ ಬಾರವು. ಬೋರ್ಡಿನ ಗಡಿಯಾರ ಗಂಟೆಗೆ 18 ಸೆಕೆಂಡಿನವರೆಗೂ ತಪ್ಪಬಹುದು, ಶುರುವಾದ ಸಮಯವನ್ನು ಕಾಗದದಲ್ಲಿ ಬರೆದುಕೊಂಡರೆ ಸಾಕು.

ಪ್ರತಿ ನಿಲುಗಡೆಯಲ್ಲಿ ಕೋಲನ್ನು ತೋಳುದ್ದ ದೂರಕ್ಕೆ ಹಿಡಿದು, ಗಾಳಿ ಬರುವ ದಿಕ್ಕಿಗೆ ಕೋಲು, ಅದರ ಹಿಂದೆ ನಾವು. ಉಸಿರು ಕೊಡೆಯ ಮೇಲೆ ಬಿದ್ದರೆ ತೇವಾಂಶ ಒಮ್ಮೆಗೇ ಜಿಗಿಯುತ್ತದೆ, ಇಳಿಯಲು ನಿಮಿಷಗಳೇ ಬೇಕು. ಮೂರು ನಿಮಿಷ ಕಾದು ಕೊನೆಯ ನಿಮಿಷದ ಆರು ಓದಿಕೆ ಮಾತ್ರ ತೆಗೆದುಕೊಳ್ಳುವುದು.

ಬಯಲಿನಲ್ಲಿ ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ಗಾಳಿ 5.1 ಡಿಗ್ರಿ, ತೇವಾಂಶ ಶೇ. 64. ಸೂರ್ಯಾಸ್ತಕ್ಕೆ ಗಾಳಿ 3.2, ತೇವಾಂಶ ಶೇ. 73, ಹುಲ್ಲು ಮೈನಸ್ 0.3. ತೇವಾಂಶ ಏರಿದ್ದು ಕಂಡು ಗಾಳಿಗೆ ನೀರು ಸೇರಿತು ಅನ್ನಿಸುತ್ತದೆ. ಸೇರಿಲ್ಲ: ಎರಡು ಸಲವೂ ಫ್ರಾಸ್ಟ್ ಪಾಯಿಂಟ್ ಮೈನಸ್ 1.0ರ ಆಸುಪಾಸಿನಲ್ಲೇ ಇದೆ. ತಣ್ಣಗಾದ ಗಾಳಿಗೆ ಅದೇ ನೀರು ಹೆಚ್ಚು ಶೇಕಡಾವಾಗಿ ಕಾಣುತ್ತದೆ ಅಷ್ಟೆ. ಶಾಂತ ಸಂಜೆಯಲ್ಲಿ ಫ್ರಾಸ್ಟ್ ಪಾಯಿಂಟ್ ಹೀಗೆ ಕದಲದೆ ನಿಂತರೆ ಉಪಕರಣ ಸರಿಯಿದೆ ಎನ್ನಲು ಅದೇ ಒಳ್ಳೆಯ ಗುರುತು. ಹುಲ್ಲು ಸೊನ್ನೆಗಿಂತ ಕೆಳಗಿಳಿದರೂ ಇನ್ನೂ ಬಿಳಿಯಾಗಿಲ್ಲ, ಏಕೆಂದರೆ ಮೈನಸ್ 1.0 ಮುಟ್ಟಿಲ್ಲ.

ಇಪ್ಪತ್ತು ನಿಮಿಷದ ನಂತರ ಗಾಳಿ ಇನ್ನೂ 2.1, ಹುಲ್ಲು ಮೈನಸ್ 1.9. ಪಕ್ಕದ ಸ್ಟೀಲ್ ಕೊಳವೆ ಮೈನಸ್ 0.9 ಎನ್ನುತ್ತಿದೆ, ಅದನ್ನು ನಂಬಿದ್ದರೆ ಫ್ರಾಸ್ಟ್ ಇನ್ನೂ ಇಲ್ಲ. ಟಾರ್ಚನ್ನು ನೆಲಕ್ಕೆ ಒರಗಿಸಿ ಅಡ್ಡಕ್ಕೆ ಬೆಳಕು ಬಿಟ್ಟು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ನೋಡಿದರೆ ಎಸಳಿನ ಅಂಚಿನ ಉದ್ದಕ್ಕೂ ಗರಗಸದ ಹಲ್ಲಿನ ಹಾಗೆ ಹರಳು ಎದ್ದಿವೆ. ಅಂಚಿನಲ್ಲಿ ಒತ್ತಾಗಿ, ನಡುವಿನ ನರದ ಮೇಲೆ ಒಂದೂ ಇಲ್ಲ. ಎಸಳಿನ ಕೂದಲಿನ ತುದಿಗೊಂದು, ಅಂಚಿನ ಮುಳ್ಳಿಗೊಂದು. ಚೂಪಾದ ಜಾಗಕ್ಕೆ ಆವಿ ಮೊದಲು ತಲುಪುತ್ತದೆ. ಲೆನ್ಸ್ ಹಿಡಿದಾಗ ಉಸಿರು ಬಿಗಿಹಿಡಿಯಬೇಕು, ಒಂದೇ ಉಸಿರಿಗೆ ಇವು ಕರಗಿ ಹನಿಯಾಗುತ್ತವೆ. 1814ರಲ್ಲಿ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಇಬ್ಬನಿಗೆ ಕಾರಣ ಆಕಾಶಕ್ಕೆ ಶಾಖ ಕಳೆದುಕೊಳ್ಳುವ ಮೇಲ್ಮೈ ಎಂದು ತೋರಿಸಿದ್ದೂ ಹೀಗೆ ಹುಲ್ಲಿನಲ್ಲೇ ಥರ್ಮಾಮೀಟರ್ ಇಟ್ಟು.

ಮುಕ್ಕಾಲು ಗಂಟೆಗೆ ಗಾಳಿ 1.0, ಹಳದಿ ಮೈನಸ್ 1.2, ಹುಲ್ಲು ಮೈನಸ್ 3.1. ಇಳಿಯುವ ವೇಗ ಇಲ್ಲಿಂದ ತಗ್ಗುತ್ತದೆ: ಒಂದು ಗ್ರಾಂ ಆವಿ ನೇರ ಮಂಜುಗಡ್ಡೆಯಾಗುವಾಗ 2.8 ಕಿಲೋಜೂಲ್‌ನಷ್ಟು ಶಾಖ ಬಿಡುತ್ತದೆ, ಹುಲ್ಲಿಗೆ ಅದೊಂದು ತೆಳು ಕಂಬಳಿ. ಮರದಡಿಯಲ್ಲಿ ಹುಲ್ಲು 0.6, ಅಲ್ಲಿ ತಲೆಯ ಮೇಲಿರುವುದು ಆಕಾಶವಲ್ಲ, ಗಾಳಿಯಷ್ಟೇ ಬೆಚ್ಚಗಿರುವ ರೆಂಬೆಗಳು. ಒಂದೂವರೆ ಮೀಟರ್ ತಗ್ಗಿನಲ್ಲಿ ಗಾಳಿಯೇ ಮೈನಸ್ 0.4, ಹುಲ್ಲು ಮೈನಸ್ 4.6; ತಣ್ಣನೆಯ ಗಾಳಿ ಭಾರವಾಗಿ ನೀರಿನ ಹಾಗೆ ಅಲ್ಲಿಗೆ ಹರಿದು ಸೇರಿದೆ. ಕಲ್ಲುಹಾಸಿನ ದಾರಿ 1.5ರಲ್ಲಿ ಒಣಗಿಯೇ ಇದೆ, ಹಗಲಿನ ಶಾಖ ಅದರ ಹೊಟ್ಟೆಯಲ್ಲಿನ್ನೂ ಉಳಿದಿದೆ. ಅದೇ ದಾರಿಯ ಮರದ ಕಾಲುಸೇತುವೆ ಮಾತ್ರ ಬೆಳ್ಳಗಾಗಿ ಜಾರುತ್ತಿದೆ: ಕೆಳಗೆ ನೆಲವಿಲ್ಲ, ಹಲಗೆಗೆ ಅಡಿಯಿಂದ ಶಾಖ ಬರುವ ದಾರಿಯಿಲ್ಲ. ಹಲಗೆಯ ಮೇಲೆ ಪಾದ ಪೂರ್ತಿ ಊರಿ, ಹೆಜ್ಜೆ ಚಿಕ್ಕದು ಮಾಡಿ ದಾಟಬೇಕು.

ಬಾಗಿಲ ಹತ್ತಿರ ಬಂದ ಮೇಲೆ, ಒಳಗೆ ಹೋಗುವ ಮೊದಲೇ, ಡಬ್ಬಿಯನ್ನು ಕೋಲಿನಿಂದ ಬಿಚ್ಚಿ ಗಾಳಿಯಾಡದ ಚೀಲದಲ್ಲಿ ಹಾಕಿ ಬಾಯಿ ಮುಚ್ಚಬೇಕು. ಹಾಗೇ ಒಳಗೆ ಒಯ್ದರೆ ಮನೆಯ ಬೆಚ್ಚನೆಯ ಗಾಳಿಯ ನೀರೆಲ್ಲ ತಣ್ಣನೆಯ ಬೋರ್ಡಿನ ಮೇಲೆ ಹನಿಯಾಗಿ ಕೂರುತ್ತದೆ. ಚೀಲದಲ್ಲಿದ್ದರೆ ಅದು ಕೂರುವುದು ಚೀಲದ ಹೊರಮೈ ಮೇಲೆ. ಸೆಲ್ ತೆಗೆಯುವುದು, ದಾಖಲೆ ಇಳಿಸಿಕೊಳ್ಳುವುದು ಎಲ್ಲ ಒಂದು ಗಂಟೆ ಬಿಟ್ಟು, ಚೀಲದ ಹೊರಮೈ ಒಣಗಿದ ಮೇಲೆ.